ನೆಟ್ಟಗೆ ಮಾಡಿದ ಫೋಟೋಗಳು

ಫೆಬ್ರವರಿ 4

ಪ್ರೀತಿಯ ಅತ್ತಿಗೆ,

ಸತ್ತ ಗಂಡ ತೆಗೆದ ಫೋಟೋ ನೋಡಬೇಕಾದರೆ ಹೆಂಡತಿ ಮೊದಲು ಕಂಪನಿಗೆ ಚಂದಾ ಕಟ್ಟಬೇಕು ಅನ್ನುವುದು ಅನ್ಯಾಯ. ಇದನ್ನು ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಫೋಟೋ ತೆಗೆದವನು ಅಣ್ಣ. ಕಂಪ್ಯೂಟರನ್ನು ಹಳೇ ಸಾಮಾನಿನ ಅಂಗಡಿಯಿಂದ ಹೆಗಲ ಮೇಲೆ ಹೊತ್ತು ತಂದವನು ಅಣ್ಣ. ಫೋಟೋ ತೋರಿಸುವ ಪ್ರೋಗ್ರಾಂ ಮಾತ್ರ ಕಂಪನಿಯದು. ಅದರ ಗಡುವು ಮುಗಿಯಿತು, ಬಾಗಿಲು ಮುಚ್ಚಿತು. ಬೀಗ ಹಾಕಿದವರಿಗೆ ನಮ್ಮ ಮನೆಯಲ್ಲಿ ಸಾವಾಗಿದೆ ಅನ್ನುವುದು ಗೊತ್ತಿಲ್ಲ. ಗೊತ್ತಿದ್ದರೂ ತೆಗೆಯುತ್ತಿರಲಿಲ್ಲ.

"ಹೋಗಲಿ ಬಿಡು, ನೋಡದಿದ್ದರೆ ಏನಂತೆ" ಎಂದು ಬರೆದಿದ್ದೀರಿ. ಹೋಗಲಿ ಬಿಡು ಅನ್ನುವ ಮಾತನ್ನೇ ತಳಪಾಯ ಮಾಡಿಕೊಂಡು ಈ ಲೋಕದ ಮಾಲೀಕರೆಲ್ಲ ಮಹಡಿ ಕಟ್ಟಿಸಿದ್ದಾರೆ, ಅತ್ತಿಗೆ. ಲಾಂಡ್ರಿಯ ಬಾಯ್ಲರ್ ಸಿಡಿದು ಅಣ್ಣ ಹೋದ, ಬಟ್ಟೆ ಮಡಿಸುತ್ತಿದ್ದ ಇಬ್ಬರು ಹೆಂಗಸರು ಬೆಂದು ಆಸ್ಪತ್ರೆ ಸೇರಿದರು. ಮಾಲೀಕ ಏನಂದ? "ಬಾಯ್ಲರ್ ಕಾಯೋನು ನಿದ್ದೆ ಹೊಡೀತಿದ್ದ, ನಾನೇನು ಮಾಡ್ಲಿ" ಅಂದ. ಇಡೀ ಲಾಂಡ್ರಿ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡಿತು. ಅಣ್ಣ ಊಟಕ್ಕೆ ಕೂತಾಗಲೂ ಬಾಯ್ಲರಿನ ಸದ್ದಿಗೆ ಒಂದು ಕಿವಿ ಕೊಟ್ಟೇ ಕೂರುತ್ತಿದ್ದ ಅಂತ ಗೊತ್ತಿದ್ದವರೂ ಬಾಯಿ ಬಿಡಲಿಲ್ಲ.

ಅದಕ್ಕೆ ನಾನೇ ಒಂದು ಪ್ರೋಗ್ರಾಂ ಬರೆಯುತ್ತೇನೆ. ಫೋಟೋ ತೆರೆದು ತೋರಿಸುವುದು, ಅಷ್ಟೇ ಅದರ ಕೆಲಸ. ಅದರ ಒಳಗಿನ ಕೋಡನ್ನೂ ಎಲ್ಲರೂ ನೋಡುವ ಹಾಗೆ ಇಂಟರ್ನೆಟ್ಟಿನ ಬಯಲಿನಲ್ಲಿ ಇಡುತ್ತೇನೆ. ಬೇಕಾದವರು ಓದಲಿ, ತಿದ್ದಲಿ, ತಮ್ಮದಾಗಿಸಿಕೊಳ್ಳಲಿ. ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ ಪ್ರತಿ ತೆಗೆಸಲು ಬರುವ ಕರಪತ್ರಗಳಲ್ಲಿ ಒಂದೊಂದನ್ನು ನಾನು ಎತ್ತಿಟ್ಟುಕೊಳ್ಳುತ್ತೇನೆ. ನನ್ನ ಕಾಲೇಜು ಅದೇ. ಅದರಲ್ಲೊಂದು ಹೇಳುತ್ತದೆ: ಪ್ರತಿ ಫೋಟೋದ ಹೊಟ್ಟೆಯಲ್ಲೂ ಒಂದು ಗುಪ್ತ ಬರಹ ಇರುತ್ತದೆ. ಯಾವ ದಿನ ತೆಗೆದದ್ದು, ಎಷ್ಟು ಹೊತ್ತಿಗೆ, ಎಲ್ಲಿ ನಿಂತು, ಯಾವ ಫೋನಿನಿಂದ. ತೆಗೆದವನ ಮೇಲೆ ಫೋಟೋವೇ ಚಾಡಿ ಹೇಳುತ್ತದೆ! ನನ್ನ ಪ್ರೋಗ್ರಾಂ ಈ ಚಾಡಿಕೋರ ಬರಹವನ್ನು ಉಳಿಸುವುದಿಲ್ಲ. ನಮ್ಮ ಮನೆಯ ಚಿತ್ರ ನಮ್ಮ ಮನೆಯದಾಗಿಯೇ ಇರಬೇಕು.

ನೀವು ಫೋನ್ ಇಟ್ಟುಕೋ ಎಂದು ಮತ್ತೆ ಬರೆಯಬೇಡಿ. ಟಪಾಲಿನವನು ನಮ್ಮ ಪತ್ರ ಒಡೆದು ಓದುವುದಿಲ್ಲ.

ನಿಮ್ಮ ಕಿಡಿ


ಫೆಬ್ರವರಿ 15

ಪ್ರೀತಿಯ ಕಿಡಿ,

ನಿನ್ನ ಪತ್ರದ ಮೂಲೆ ಅಂಟು ಬಿಟ್ಟಿತ್ತು. ಟಪಾಲಿನವನು ಓದಿದನೋ ಇಲ್ಲವೋ, "ನಿಮ್ಮ ನಾದಿನಿ ಸಿಟ್ಟಲ್ಲಿದ್ದಾರೆ ಅನ್ಸುತ್ತೆ" ಎಂದು ಹೇಳಿ ಕೊಟ್ಟು ಹೋದ.

ಅತ್ತೆಗೆ ಓದಿ ಹೇಳಿದೆ. "ನಿಮ್ಮ ಮಗಳು ಫೋಟೋ ತೋರಿಸೋ ಪ್ರೋಗ್ರಾಂ ಮಾಡ್ತಾಳಂತೆ."

"ಮೊದ್ಲು ತನ್ನ ಮುಖ ತೋರ್ಸೋಕೆ ಹೇಳು" ಅಂದರು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದರು. ಈಗ ಹೆಚ್ಚು ಹೊತ್ತು ಹಾಗೇ ಇರುತ್ತಾರೆ. ಗೋಡೆಯ ಆಚೆ ಲಾಂಡ್ರಿ. ಹೊಸ ಬಾಯ್ಲರ್ ಕೂರಿಸಿದ್ದಾರೆ. ಅದು ಶುರುವಾದಾಗ ನಮ್ಮ ಗೋಡೆ ಬೆಚ್ಚಗಾಗುತ್ತದೆ. ಅತ್ತೆ ಅಂಗೈ ಇಟ್ಟುಕೊಂಡು ಮಲಗುತ್ತಾರೆ. ನಾನು ಬೇಡ ಅನ್ನುವುದಿಲ್ಲ.

ನಾನು ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುತ್ತಾ, ಗುಂಡಿ ಹೊಲಿಯುತ್ತಾ ಇದ್ದೇನೆ. ಇಲ್ಲಿ ಎಲ್ಲ ಚೆನ್ನಾಗಿದೆ. ನೀರಿಗೆ ಈಗ ಬೆಳಿಗ್ಗೆ ಹೋಗುವುದಿಲ್ಲ, ಮಧ್ಯಾಹ್ನ ಹೋಗುತ್ತೇನೆ. ಆ ಹೊತ್ತಿಗೆ ನಲ್ಲಿ ಹತ್ತಿರ ಯಾರೂ ಇರುವುದಿಲ್ಲ.

ಪ್ರೋಗ್ರಾಂ ಮಾಡುವುದೇ ಆದರೆ ನನ್ನಂಥವಳಿಗೆ ಮಾಡು. ಗುಂಡಿಗಳು ಕಡಿಮೆ ಇರಲಿ. ದಿನವಿಡೀ ಗುಂಡಿಯೇ ನೋಡುತ್ತೇನೆ. ಗಡುವು ಮುಗಿಯುವ ಮುಂಚೆ ಒಂದೆರಡು ಫೋಟೋ ನೋಡಿದ್ದೆ. ಎಲ್ಲ ಅಡ್ಡ ಬಿದ್ದಿದ್ದವು, ಮೂಲೆಯಲ್ಲಿ ಒಂದು ಏಣಿ ಕಂಡದ್ದು ಬಿಟ್ಟರೆ ಏನೆಂದು ತಿಳಿಯಲಿಲ್ಲ. ನಿಮ್ಮಣ್ಣ ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದು ಕೈಯಲ್ಲಿ ಹೇಗೆ ಬರುತ್ತೋ ಹಾಗೆ ತೆಗೆದಿರಬೇಕು. ನೋಡಲು ಹೋಗಿ ನನ್ನ ಕುತ್ತಿಗೆ ಉಳುಕಿತು. ನೆಟ್ಟಗೆ ಮಾಡುವ ಒಂದು ದಾರಿ ಇಡು. ಒಂದು ಸಲ ನೆಟ್ಟಗೆ ಮಾಡಿದರೆ ಹಾಗೇ ಇರಲಿ, ಮತ್ತೆ ಮಲಗಬಾರದು.

ಚಾಡಿ, ಗುಪ್ತ ಬರಹ, ಅದೆಲ್ಲ ನನಗೆ ತಿಳಿಯಲಿಲ್ಲ. ನೀನು ಸರಿಯಾದದ್ದೇ ಮಾಡುತ್ತೀ. ನನಗೆ ಅವರ ಮುಖ ಕಂಡರೆ ಸಾಕು.

ನಿನ್ನ ಅತ್ತಿಗೆ


ಮಾರ್ಚ್ 9

ಪ್ರೀತಿಯ ಅತ್ತಿಗೆ,

ಪೆನ್‌ಡ್ರೈವನ್ನು ಹತ್ತಿಯಲ್ಲಿ ಸುತ್ತಿ ಇದರ ಜೊತೆ ಇಟ್ಟಿದ್ದೇನೆ. ಪ್ರೋಗ್ರಾಂ ಅದರಲ್ಲಿದೆ.

ಮೊದಲ ಸಲ ಓಡಿಸಿದಾಗ ಏನಾಯಿತು ಗೊತ್ತೇ? ಪರೀಕ್ಷೆಗೆ ನಮ್ಮ ಅಂಗಡಿ ಯಜಮಾನರ ಫೋಟೋ ಹಾಕಿದ್ದೆ. ಕೆಂಪು ಬರಬೇಕಾದ ಕಡೆ ನೀಲಿ, ನೀಲಿ ಬರಬೇಕಾದ ಕಡೆ ಕೆಂಪು ಬರೆದುಬಿಟ್ಟಿದ್ದೆ. ಅವರ ಮುಖವೆಲ್ಲ ಕಡುನೀಲಿ. ಹಿಂದಿನಿಂದ ಬಂದು ನೋಡಿ, "ಉಸಿರು ನಿಂತ ಮೇಲೆ ನಾನು ಹಿಂಗೇ ಕಾಣ್ತೀನಾ? ಪರ್ವಾಗಿಲ್ಲ, ಈಗಿರೋದಕ್ಕಿಂತ ಲಕ್ಷಣವಾಗಿದೀನಿ" ಅಂದರು. ಮಾಲೀಕರಲ್ಲೂ ನಗುವವರು ಇದ್ದಾರೆ. ಅದರಿಂದ ನನ್ನ ಅಭಿಪ್ರಾಯವೇನೂ ಬದಲಾಗುವುದಿಲ್ಲ.

ಬಳಸುವುದು ಹೀಗೆ. ಫೋಟೋ ಇರುವ ಫೋಲ್ಡರನ್ನು ಪ್ರೋಗ್ರಾಮಿನ ಮೇಲೆ ಎಳೆದು ಬಿಡಿ. ಫೋಟೋ ಪರದೆಯ ತುಂಬ ಬರುತ್ತದೆ. ಬಲದ ಬಾಣ ಒತ್ತಿದರೆ ಮುಂದಿನದು, ಎಡದ ಬಾಣ ಒತ್ತಿದರೆ ಹಿಂದಿನದು. ನೀವು ಒಂದನ್ನು ನೋಡುತ್ತಿರುವಾಗಲೇ ಅದು ಮುಂದಿನದನ್ನು ತಯಾರು ಮಾಡಿಕೊಳ್ಳುತ್ತದೆ, ಹಳೇ ಕಂಪ್ಯೂಟರಾದರೂ ಕಾಯಿಸುವುದಿಲ್ಲ. ಅಡ್ಡ ಇದ್ದರೆ ಕೆಳಗಿನ ಬಾಣ ಒತ್ತಿ, ಕಾಲು ಸುತ್ತು ತಿರುಗುತ್ತದೆ. ತಿರುಗಿಸಿದ್ದು ಆ ಫೋಟೋದಲ್ಲೇ ಬರೆದುಹೋಗುತ್ತದೆ, ನೀವು ಕೇಳಿದ ಹಾಗೆ, ಮತ್ತೆ ಮಲಗುವುದಿಲ್ಲ. ಹಾಗೆ ಬರೆಯುವಾಗಲೇ ಹೊಟ್ಟೆಯೊಳಗಿನ ಗುಪ್ತ ಬರಹವೂ ತೊಳೆದುಹೋಗುತ್ತದೆ. ಒಂದೇ ಏಟಿಗೆ ಎರಡು ಕೆಲಸ.

ಇದು ನಿಮ್ಮನ್ನು "ಖಚಿತವೇ? ಖಚಿತವೇ?" ಎಂದು ಕೇಳುವುದಿಲ್ಲ. ಹಾಗೆ ಕೇಳುವ ಯಂತ್ರಗಳು ಜನರನ್ನು ದಡ್ಡರು ಎಂದುಕೊಂಡಿವೆ. ನಾನು ನಿಮ್ಮನ್ನು ಹಾಗೆ ಅಂದುಕೊಂಡಿಲ್ಲ. ಕಂಪನಿಯ ಆ ಹಳೇ ಪ್ರೋಗ್ರಾಮನ್ನು ಕಿತ್ತು ಬಿಸಾಕಿ.

ಬಯಲಿನಲ್ಲಿ ಇಟ್ಟ ಮೇಲೆ ದೂರದೂರದ ಜನ ಇಳಿಸಿಕೊಂಡು ನೋಡುತ್ತಿದ್ದಾರೆ. ಎಲ್ಲರಿಗೂ ಹಿಡಿಸಿದೆ.

ನಲ್ಲಿಯಲ್ಲಿ ಗಲಾಟೆ ಇಲ್ಲದೆ ನೀರು ಸಿಗುತ್ತಿದೆ ಅನ್ನುವುದು ಓದಿ ಸಮಾಧಾನವಾಯಿತು.

ನಿಮ್ಮ ಕಿಡಿ


ಮಾರ್ಚ್ 22

ಪ್ರೀತಿಯ ಕಿಡಿ,

ತೆರೆಯಿತು. ಏನೂ ಕೇಳಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಕೈ ಮುಗಿಯಬೇಕು ಅನ್ನಿಸಿತು ನಿನಗೆ.

ನಿನ್ನೆ ರಜೆ. ಮಧ್ಯಾಹ್ನ ಊಟ ಆದ ಮೇಲೆ ಅತ್ತೆಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದೆ. ನಾನು ಪಕ್ಕದಲ್ಲಿ ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ. ಒಂದೊಂದೇ ತಿರುಗಿಸಿದೆ, ಒಂದೊಂದೇ ನೆಟ್ಟಗಾಯಿತು. ಬೆಳಕು ಹೋಗುವವರೆಗೆ ಅದೇ ಕೆಲಸ. ಒಂದನ್ನೂ ಬಿಡಲಿಲ್ಲ.

ಆದರೆ ಕಿಡಿ, ಮುಖ ಇಲ್ಲ.

ಎಲ್ಲ ಒಂದೇ ಫೋಟೋ. ಗಡಿಯಾರದ ಥರದ ಒಂದು ದುಂಡನೆಯ ಡಬ್ಬಿ, ಮೇಲೆ ಗಾಜು, ಒಳಗೆ ಒಂದೇ ಮುಳ್ಳು, ಒಂದು ಕೆಂಪು ಗೆರೆ. ಮುಂದಿನದು ಒತ್ತಿದರೆ ಅದೇ ಡಬ್ಬಿ. ಅದರ ಮುಂದಿನದೂ ಅದೇ. ನಡುನಡುವೆ ಒಂದು ತುಕ್ಕು ಹಿಡಿದ ಪೈಪು, ನೀರು ತೊಟ್ಟಿಕ್ಕುವುದು.

"ಇದೇನು, ನನ್ನ ಮಗ ಗಡಿಯಾರದ ಅಂಗಡಿ ಇಡೋನಿದ್ನಾ?" ಅಂದರು ಅತ್ತೆ.

"ಇನ್ನೂ ಇದೆ, ತಾಳಿ ಅತ್ತೆ" ಅಂದೆ.

"ಏನ್ ತಾಳೋದು? ಬಿಟ್ಟು ಹೋದೋನು ಗೋಡೆಗೆ ನೇತು ಹಾಕೋಕೆ ಒಂದು ಮುಖ ಬಿಟ್ಟು ಹೋಗ್ಬಾರ್ದಿತ್ತಾ?" ಅಂದರು.

ನನಗೂ ಸಿಟ್ಟು ಬಂತು. ನಮ್ಮಿಬ್ಬರದು ಅಂತ ಒಂದು ಫೋಟೋ ತೆಗೆಯಿರಿ ಎಂದು ಎಷ್ಟು ಸಲ ಗೋಗರೆದಿದ್ದೆ. "ನೀನು ದಿನಾ ಎದುರಿಗೇ ಇರ್ತೀಯಲ್ಲ" ಅನ್ನುತ್ತಿದ್ದರು. ಈ ಡಬ್ಬಿಯೂ ದಿನಾ ಎದುರಿಗೇ ಇತ್ತು, ಅದರ ಫೋಟೋ ಮಾತ್ರ ತೆಗೆದರು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಪಾಪವಂತೆ. ಒಂದು ಡಬ್ಬಿಯ ಮೇಲೆ ಪಟ್ಟರೆ?

ಏನದು, ನಿನಗೇನಾದರೂ ಗೊತ್ತೇ? ಒಂದೆರಡನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸಿದ್ದೇನೆ.

ನಿನ್ನ ಅತ್ತಿಗೆ


ಮಾರ್ಚ್ 27

ಅತ್ತಿಗೆ, ಅತ್ತಿಗೆ!

ಅದು ಗಡಿಯಾರವಲ್ಲ. ಅದು ಬಾಯ್ಲರಿನ ಒತ್ತಡದ ಮೀಟರು. ಕೆಂಪು ಗೆರೆ ದಾಟಬಾರದು. ನೀವು ಕಳಿಸಿದ ಎರಡರಲ್ಲೂ ಮುಳ್ಳು ಕೆಂಪು ಗೆರೆ ದಾಟಿ ನಿಂತಿದೆ! ಹೆಚ್ಚಿನ ಹಬೆಯನ್ನು ತಾನಾಗಿ ಹೊರಗೆ ಬಿಡಬೇಕಾದ ವಾಲ್ವು ಕೆಟ್ಟಿತ್ತು. ಆ ತೊಟ್ಟಿಕ್ಕುವ ಪೈಪು ಅದರದ್ದೇ. ಅಣ್ಣ ಹೇಳಿರುತ್ತಾನೆ, ಮಾಲೀಕ ಕೇಳಿರುವುದಿಲ್ಲ. ಅದಕ್ಕೇ ಪ್ರತಿ ಪಾಳಿಯಲ್ಲೂ ಏಣಿ ಹತ್ತಿ ಫೋಟೋ ತೆಗೆದಿದ್ದಾನೆ. ನೀವು ಡಬ್ಬಿಯ ಮೇಲೆ ಹೊಟ್ಟೆಕಿಚ್ಚು ಪಡಬೇಡಿ. ಅವನು ಜೀವಕ್ಕೆ ಹೆದರಿ, ಹೆದರಿದ್ದನ್ನು ನಿಮಗೆ ಹೇಳದೆ, ಸಾಕ್ಷಿ ಕೂಡಿಟ್ಟಿದ್ದಾನೆ.

ಮಾಲೀಕನ ಮಾತು ಏನು? ಬಾಯ್ಲರ್ ಯಾವತ್ತೂ ಸರಿಯಾಗಿತ್ತು, ಆ ಒಂದು ದಿನ ಕಾಯುವವನು ಮಲಗಿದ, ಮುಳ್ಳು ಏರಿತು, ಸಿಡಿಯಿತು. ಈ ಫೋಟೋಗಳು ಏನು ಹೇಳುತ್ತವೆ? ಮಧ್ಯಾಹ್ನವಿಡೀ ತಿರುಗಿಸುವಷ್ಟು ಇವೆ, ಪಾಳಿಗೊಂದು ಅಂದರೂ ತಿಂಗಳುಗಟ್ಟಲೆ ಮುಳ್ಳು ಏರಿಯೇ ಇತ್ತು ಅನ್ನುತ್ತವೆ! ಅಣ್ಣ ಸಿಡಿಸಿದವನಲ್ಲ. ಸಿಡಿಯುವುದನ್ನು ತಡೆಯಲು ನೋಡಿದವನು. ಇದನ್ನು ಇಡೀ ಊರು ಕೇಳಬೇಕು.

ಈಗಲೇ ನಮ್ಮ ಪರಿಹಾರದ ಕೇಸು ನಡೆಸುತ್ತಿರುವ ವಕೀಲಮ್ಮನ ಹತ್ತಿರ ಹೋಗಿ. ಕಂಪ್ಯೂಟರನ್ನೇ ಎತ್ತಿಕೊಂಡು ಹೋಗಿ. ವಿಚಾರಣೆಯಲ್ಲಿ ಮಾಲೀಕನ ಮುಖ ಸಣ್ಣದಾಗುವುದನ್ನು ನೀವು ನೋಡಿ ಬರೆಯಬೇಕು, ನಾನು ಓದಬೇಕು. ನಮ್ಮಂಥವರು ಮಾಡಿದ ಬಿಡಿಗಾಸಿನ ಪ್ರೋಗ್ರಾಂ ಒಬ್ಬ ಮಾಲೀಕನ ಸುಳ್ಳನ್ನು ಬಯಲು ಮಾಡಿತು ಅನ್ನುವುದನ್ನು ಕರಪತ್ರ ಮಾಡಿ ಹಂಚುತ್ತೇನೆ!

ನಿಮ್ಮ ಕಿಡಿ


ಏಪ್ರಿಲ್ 19

ಪ್ರೀತಿಯ ಕಿಡಿ,

ಬರೆಯಲು ತಡವಾಯಿತು. ಹೇಗೆ ಬರೆಯುವುದು ಅಂತ ತಿಳಿಯಲಿಲ್ಲ.

ವಕೀಲಮ್ಮ ಫೋಟೋ ನೋಡಿ ಎದ್ದು ನಿಂತರು. "ಇಷ್ಟು ದಿನ ಇದನ್ನ ಎಲ್ಲಮ್ಮಾ ಇಟ್ಕೊಂಡಿದ್ರಿ!" ಅಂದರು. ಮೊದಲ ಸಲ ಯಾರೋ ನನ್ನನ್ನು ಕೂರಿಸಿ ನೀರು ಕೊಟ್ಟರು. ಕಾರ್ಮಿಕ ಕಚೇರಿಯ ವಿಚಾರಣೆಗೆ ನಾನೂ ಹೋದೆ. ಉದ್ದನೆಯ ಕೋಣೆ, ಒಂದೇ ಫ್ಯಾನು, ಅದೂ ಅಧಿಕಾರಿಯ ತಲೆಯ ಮೇಲೆ. ಮಾಲೀಕರ ಕಡೆಯ ವಕೀಲರು ಒಬ್ಬ ಕಂಪ್ಯೂಟರ್ ತಜ್ಞನನ್ನು ಕರೆತಂದಿದ್ದರು. ಅವನು ಫೋಟೋಗಳನ್ನು ತನ್ನ ಯಂತ್ರಕ್ಕೆ ಹಾಕಿ, ಸ್ವಲ್ಪ ಹೊತ್ತು ನೋಡಿ, ಅವರ ಕಿವಿಯಲ್ಲಿ ಏನೋ ಹೇಳಿದ. ಅವರು ಎದ್ದು ಕೋಟು ಎಳೆದುಕೊಂಡರು.

"ಸ್ವಾಮಿ, ಇದರಲ್ಲಿ ಒಂದು ಫೋಟೋಗೂ ತೆಗೆದ ದಿನ ಇಲ್ಲ. ಯಾವ ಫೋನು ಅಂತ ಇಲ್ಲ, ಎಲ್ಲಿ ಅಂತ ಇಲ್ಲ. ಎಲ್ಲವೂ ಕಂಪ್ಯೂಟರಲ್ಲಿ ಬರೆದಾಗಿರೋದು ಒಂದೇ ಮಧ್ಯಾಹ್ನ. ಆತ ಸತ್ತು ಎಷ್ಟೋ ದಿನ ಆದ ಮೇಲೆ. ಹೋದೋರು ಬಂದು ತೆಗೆದ್ರಾ?"

ಜನ ನಕ್ಕರು. ಅಧಿಕಾರಿ ನಗಲಿಲ್ಲ, ಆದರೆ ಪೆನ್ನು ಕೆಳಗಿಟ್ಟರು. "ಯಾವುದೋ ಊರಿನ ಯಾವುದೋ ಬಾಯ್ಲರ್ ಇರ್ಬಹುದು" ಅಂದರು ಆ ವಕೀಲರು. ಹಳೇ ಬಾಯ್ಲರು, ಅದರ ಮೀಟರು ಎಲ್ಲ ಗುಜರಿಗೆ ಹೋಗಿ ಕರಗಿಯೂ ಆಯಿತಂತೆ. ಬಾಯ್ಲರ್ ಸಿಡಿದಾಗ ನಿಮ್ಮಣ್ಣನ ಫೋನು ಅವರ ಜೇಬಿನಲ್ಲೇ ಇತ್ತು, ಅದು ನಿನಗೆ ಗೊತ್ತು.

ಹೊರಗೆ ಬಂದ ಮೇಲೆ ವಕೀಲಮ್ಮ ಕೇಳಿದರು: "ಆ ಮಧ್ಯಾಹ್ನ ಏನ್ ಮಾಡಿದ್ರಿ, ನೆನಪು ಮಾಡ್ಕೊಳ್ಳಿ." ನೆಟ್ಟಗೆ ಮಾಡಿದೆ ಅಂದೆ. "ಅಷ್ಟೇನಾ?" ಅಂದರು. ಅಷ್ಟೇ ಅಂದೆ. ನಾನೇ ಏನೋ ತಪ್ಪು ಒತ್ತಿರಬೇಕು ಕಿಡಿ. ನನ್ನ ಬೆರಳು ದಪ್ಪ, ಸೂಜಿ ಹಿಡಿದು ತುದಿ ಗಟ್ಟಿಯಾಗಿದೆ, ಎರಡು ಗುಂಡಿ ಒಟ್ಟಿಗೆ ಒತ್ತಿದರೂ ಗೊತ್ತಾಗುವುದಿಲ್ಲ. ಅವರು ಏಣಿ ಹತ್ತಿ ಹತ್ತಿ ಕೂಡಿಟ್ಟಿದ್ದನ್ನು ನಾನು ಬಕೆಟ್ಟಿನ ಮೇಲೆ ಕೂತು ಒಂದೇ ಮಧ್ಯಾಹ್ನದಲ್ಲಿ ಹಾಳು ಮಾಡಿದೆ.

ನಿನ್ನ ಪ್ರೋಗ್ರಾಮಿನ ಹೆಸರು ನಾನು ಯಾರಿಗೂ ಹೇಳಿಲ್ಲ. ನಿನಗೇಕೆ ಕೆಟ್ಟ ಹೆಸರು. ಅತ್ತೆಗೂ ಹೇಳಬೇಡ, ಎದೆ ಒಡೆದುಕೊಳ್ಳುತ್ತಾರೆ. ನಾನು ಏನು ಒತ್ತಿರಬಹುದು, ಅದನ್ನು ಹಿಂದಕ್ಕೆ ತರುವ ದಾರಿ ಇದೆಯೇ, ಅಷ್ಟು ಮಾತ್ರ ಬರೆ.

ಅತ್ತಿಗೆ


ಮೇ 6

ಕಿಡಿ,

ನಿನ್ನಿಂದ ಪತ್ರವಿಲ್ಲ. ನನ್ನ ಮೇಲೆ ಸಿಟ್ಟಾಗಿದ್ದೀಯ. ಆಗಬೇಕಾದ್ದೇ.

ಇಷ್ಟು ದಿನ ಬರೆಯದೆ ಇಟ್ಟದ್ದನ್ನು ಈಗ ಬರೆಯುತ್ತೇನೆ. ನಾನು ಮಧ್ಯಾಹ್ನ ನೀರಿಗೆ ಹೋಗುವುದು ಗಲಾಟೆ ಇಲ್ಲ ಅಂತಲ್ಲ. ಬೆಂದ ಇಬ್ಬರಲ್ಲಿ ಚಿಕ್ಕವಳ ಅಕ್ಕ ನಮ್ಮ ಸಾಲಿನಲ್ಲೇ ಇದ್ದಾಳೆ. ಒಂದು ಬೆಳಿಗ್ಗೆ ನಲ್ಲಿಯಲ್ಲಿ ನನ್ನ ಕೊಡ ಎತ್ತಿ ಪಕ್ಕಕ್ಕಿಟ್ಟಳು. "ನಿನ್ ಗಂಡಂಗೆ ನಿದ್ದೆ ಬಂತು, ನನ್ ತಂಗಿಗೆ ಕಣ್ ಹೋಯ್ತು. ನೀನ್ ಆಮೇಲೆ ಹಿಡ್ಕೋ" ಅಂದಳು. ನಾನು ಖಾಲಿ ಕೊಡ ಎತ್ತಿಕೊಂಡು ಬಂದೆ. ಅವಳದ್ದು ತಪ್ಪು ಅನ್ನಲು ನನ್ನ ಹತ್ತಿರ ಏನಿತ್ತು?

ಲಾಂಡ್ರಿಯ ಸೂಪರ್‌ವೈಸರ್ ಎರಡು ಸಲ ಬಂದು ಹೋದರು. ಚಪ್ಪಲಿ ಹೊರಗೆ ಬಿಟ್ಟು ಬಂದು ಅತ್ತೆಯ ಕಾಲ ಬುಡದಲ್ಲಿ ಕೂರುತ್ತಾರೆ. "ತಾಯಿ, ಒಂದು ಸಹಿ ಹಾಕಿಬಿಡ್ಲಿ ನಿಮ್ಮ ಸೊಸೆ. ಅಜಾಗರೂಕತೆಯಿಂದ ಆಯ್ತು ಅಂತ, ಅಷ್ಟೇ ಬರ್ದಿರೋದು. ನೀವು ಇರೋವರ್ಗೂ ಈ ಮನೆ ನಿಮ್ದೇ. ಸಹಿ ಇಲ್ಲಾಂದ್ರೆ ಕ್ವಾರ್ಟರ್ಸ್ ಬೇರೆಯವ್ರಿಗೆ ಕೊಡ್ಬೇಕಾಗುತ್ತೆ. ನನ್ ಕೈಲಿ ಏನೂ ಇಲ್ಲ."

ಅತ್ತೆ ಕೇಳಿದರು: "ಅಜಾಗರೂಕತೆ ಅಂದ್ರೆ ಏನಪ್ಪಾ?"

"ಸ್ವಲ್ಪ ಮೈಮರೆಯೋದು, ತಾಯಿ."

"ನನ್ ಮಗ ಮೈಮರೀತಿದ್ದಿದ್ರೆ ನಾನು ಇಷ್ಟು ಅಳ್ತಿರ್ಲಿಲ್ಲ" ಅಂದರು ಅತ್ತೆ. ಸೂಪರ್‌ವೈಸರ್ ತಲೆ ತಗ್ಗಿಸಿಕೊಂಡು ಹೋದರು. ಕಾಗದ ಮಾತ್ರ ಬಿಟ್ಟು ಹೋದರು.

ಸಹಿ ಹಾಕಿಬಿಡೋಣ ಅನ್ನಿಸುತ್ತಿದೆ. ಅವರ ಮಾತು ಸುಳ್ಳು ಅಂತ ತೋರಿಸುವುದನ್ನು ನಾನೇ ಅಳಿಸಿದ ಮೇಲೆ, ಯಾವ ಮುಖ ಇಟ್ಟುಕೊಂಡು ಹಟ ಮಾಡಲಿ? ಅತ್ತೆಗೆ ಆ ಗೋಡೆಯಾದರೂ ಇರಲಿ.

ಅತ್ತಿಗೆ


ಮೇ 12

ಅತ್ತಿಗೆ,

ಸಹಿ ಹಾಕಬೇಡಿ. ನೀವು ತಪ್ಪು ಒತ್ತಲಿಲ್ಲ. ನಾನು ಒತ್ತಿ ಅಂದದ್ದನ್ನೇ ಒತ್ತಿದಿರಿ.

ದಿನವನ್ನು ಅಳಿಸಿದ್ದು ನನ್ನ ಪ್ರೋಗ್ರಾಂ. ಎಡವಿ ಅಳಿಸಿದ್ದಲ್ಲ. ಅಳಿಸು ಎಂದು ನಾನು ಬರೆದಿದ್ದೆ, ಅದು ಅಳಿಸಿತು. ಚಾಡಿ ಅಂತ ನಾನು ಕರೆದದ್ದು ಇದನ್ನೇ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಜಾಗ. ಅಣ್ಣ ಏಣಿ ಹತ್ತಿದ್ದು ಆ ಬರಹಕ್ಕಾಗಿಯೇ. ಮುಳ್ಳು ಎಲ್ಲಿತ್ತು ಅನ್ನುವುದು ಅರ್ಧ ಮಾತು, ಯಾವತ್ತು ಅನ್ನುವುದು ಉಳಿದರ್ಧ. ಹಿಂದಕ್ಕೆ ತರುವ ದಾರಿ ಹುಡುಕಿದೆ. ನಿಮ್ಮ ಹತ್ತಿರ ಇರುವುದೆಲ್ಲ ತಿರುಗಿಸಿದವು. ಹಳೆಯದರ ಮೇಲೆಯೇ ಹೊಸದು ಬರೆದಾಗಿದೆ. ದಾರಿ ಇಲ್ಲ.

ಇದಕ್ಕಿಂತ ಕೆಟ್ಟದ್ದೊಂದಿದೆ. ನಾನು ಪೆನ್‌ಡ್ರೈವ್ ಕಳಿಸುವ ಮುಂಚೆಯೇ ಒಬ್ಬರು ಎಚ್ಚರಿಸಿದ್ದರು. ಯಾವ ಊರಿನವರೋ, ಗಂಡಸೋ ಹೆಂಗಸೋ ಗೊತ್ತಿಲ್ಲ. ಕೋಡ್ ಓದಿ ಬರೆದಿದ್ದರು: "ತಿರುಗಿಸಿದಾಗ ಮೂಲ ಫೋಟೋವನ್ನು ಮುಟ್ಟಬೇಡಿ. ಮುಟ್ಟುವುದೇ ಆದರೆ ಒಂದು ಪ್ರತಿ ಉಳಿಸಿ, ಇಲ್ಲವೇ ಕೇಳಿ. ಆ ದಿನಾಂಕ ಯಾರಿಗೋ ಬೇಕಾಗಬಹುದು." ತುಂಬ ಮರ್ಯಾದೆಯಿಂದ ಬರೆದಿದ್ದರು. ನಾನು ಕರಪತ್ರದ ಸಾಲುಗಳನ್ನು ಎತ್ತಿ ಎತ್ತಿ ಅವರ ಮುಖಕ್ಕೆ ಹೊಡೆದೆ. ಬೇಹುಗಾರಿಕೆಯ ಗುಲಾಮರು ಅಂದೆ. ಅವರು ಸುಮ್ಮನಾದರು. ಗೆದ್ದೆ ಅಂದುಕೊಂಡೆ. ನಿಮಗೆ "ಎಲ್ಲರಿಗೂ ಹಿಡಿಸಿದೆ" ಎಂದು ಬರೆದೆ.

ನಿಮ್ಮ ಏಪ್ರಿಲ್ ಪತ್ರ ಓದಿದ ದಿನ ಆ ಸಾಲನ್ನು ತಿದ್ದಿದೆ. ಈಗ ಅದು ಮೂಲವನ್ನು ಮುಟ್ಟುವುದಿಲ್ಲ, ಕೇಳುತ್ತದೆ. ಆಮೇಲೆ ಇನ್ನೊಂದು ಯೋಚನೆ ಬಂತು. ಬಯಲಿನಲ್ಲಿ ಇಟ್ಟ ಕೋಡಿನಲ್ಲಿ ಹಿಂದೆ ಏನಿತ್ತು, ಯಾವತ್ತು ತಿದ್ದಿದ್ದು, ಯಾರು ಏನಂದರು ಎಲ್ಲವೂ ಉಳಿದಿರುತ್ತದೆ. ಆದರೆ ಜಾಗ ನನ್ನದು. ಇಡಿಯಾಗಿ ಕಿತ್ತು ಹೊಸದಾಗಿ ಇಟ್ಟರೆ ಹಳೇ ಸಾಲು ಇತ್ತು ಅನ್ನುವುದೇ ಯಾರಿಗೂ ತಿಳಿಯದು. ನೀವಂತೂ ತಪ್ಪನ್ನು ನಿಮ್ಮ ಬೆರಳ ಮೇಲೆ ಹಾಕಿಕೊಂಡಾಗಿತ್ತು. ಹಾಕಿಕೊಂಡಿರಲಿ ಅನ್ನಿಸಿತು. ಇಷ್ಟು ದಿನ ಪತ್ರ ಬರೆಯದ್ದಕ್ಕೆ ಕಾರಣ ಅದೇ, ಸಿಟ್ಟಲ್ಲ. ಅಂಗಡಿಯಲ್ಲಿ ಜನ ಕೊಟ್ಟ ಕಾಗದಗಳ ಪ್ರತಿ ತೆಗೆಯುತ್ತಾ ನಿಂತಿರುತ್ತಿದ್ದೆ, ಸಂಜೆ ಅಂಗಡಿಯ ಕಂಪ್ಯೂಟರ್ ಮುಂದೆ ಕೂತು ಕಿತ್ತುಹಾಕಲೋ ಬೇಡವೋ ಅಂತ ನೋಡುತ್ತಿದ್ದೆ. ಮಾಲೀಕ ಹಳೇ ಮೀಟರನ್ನು ಗುಜರಿಗೆ ಹಾಕಿಸಿದ ಎಂದು ಬರೆದಿದ್ದಿರಿ. ಅವನಿಗೂ ಹೀಗೇ ಅನ್ನಿಸಿರಬೇಕು.

ಕಿತ್ತಿಲ್ಲ. ಎಲ್ಲ ಇದ್ದ ಹಾಗೇ ಇದೆ. ಆ ಸಾಲು, ಆ ಎಚ್ಚರಿಕೆ, ನನ್ನ ಬೈಗುಳ ಎಲ್ಲಕ್ಕೂ ದಿನಾಂಕ ಇದೆ. ಎಲ್ಲವೂ ನೀವು ಫೋಟೋ ನೆಟ್ಟಗೆ ಮಾಡಿದ ಮಧ್ಯಾಹ್ನಕ್ಕಿಂತ ಮುಂಚಿನದು. ವಕೀಲಮ್ಮನಿಗೆ ಇದನ್ನು ಓದಿ ಹೇಳಿ. ದಿನಾಂಕ ಇಲ್ಲದಿರುವುದು ನೀವು ಸುಳ್ಳು ಫೋಟೋ ಮಾಡಿದ್ದಕ್ಕಲ್ಲ, ನಾನು ಅಳಿಸಿದ್ದಕ್ಕೆ ಎಂದು ನಾನು ಬಂದು ಹೇಳುತ್ತೇನೆ. ನಿಂತು ಹೇಳುತ್ತೇನೆ. ಅದರಿಂದ ಏನಾಗುತ್ತದೋ ನನಗೆ ಗೊತ್ತಿಲ್ಲ. ಅಮ್ಮನಿಗೆ ನಾನೇ ಹೇಳುತ್ತೇನೆ.

ನಲ್ಲಿಯ ಮಾತಿಗೆ ನಾನು ಸಮಾಧಾನ ಅಂತ ಬರೆದದ್ದನ್ನು ನಿನ್ನೆ ಮತ್ತೆ ನೆನೆಸಿಕೊಂಡೆ.

ನಿಮ್ಮ ನಾದಿನಿ


ಮೇ 18

ಕಿಡಿ,

ಸಹಿ ಹಾಕಿಲ್ಲ. ನಿನ್ನ ಪತ್ರ ಬರುವ ಹಿಂದಿನ ದಿನ ಹಾಕಲೆಂದು ಕೂತಿದ್ದೆ. ಅತ್ತೆ ಪೆನ್ನು ತೆಗೆದು ದಿಂಬಿನ ಕೆಳಗೆ ಇಟ್ಟುಕೊಂಡರು.

ಪತ್ರವನ್ನು ವಕೀಲಮ್ಮನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಫೋಟೋ ಸುಳ್ಳು ಅನ್ನೋ ಮಾತು ಹೋಗ್ಬಹುದು. ಆದ್ರೆ ಅಷ್ಟಕ್ಕೇ ನಿಜ ಅಂತ ಆಗಲ್ಲಮ್ಮಾ. ಆಸೆ ಇಟ್ಕೋಬೇಡಿ" ಅಂದರು. ಆದರೂ ಅಧಿಕಾರಿಗೆ ಅರ್ಜಿ ಕೊಟ್ಟಿದ್ದಾರೆ. ಅಧಿಕಾರಿ ವಿಚಾರಣೆಗೆ ಇನ್ನೊಂದು ದಿನ ಕೊಟ್ಟಿದ್ದಾರೆ. ಅದೇ ಕೊನೆ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆದು ಕಳಿಸುವುದು ಸುಲಭ. ನಾನು ಬರೆಯುವುದಿಲ್ಲ. ಆ ಮಧ್ಯಾಹ್ನದಿಂದ ಇವತ್ತಿನವರೆಗೆ ನನ್ನ ಬೆರಳನ್ನು ನಾನೇ ಬೈದುಕೊಂಡಿದ್ದೇನೆ. ಕಾಜಾ ಹಾಕುವಾಗ ಬೇಕೆಂದೇ ಸೂಜಿ ಚುಚ್ಚಿಕೊಂಡದ್ದೂ ಇದೆ. ನೀನು ಅದನ್ನು ಓದಿ, ಇರಲಿ ಅಂದುಕೊಂಡು ಕೂತಿದ್ದೆ. ನಿಮ್ಮಣ್ಣನನ್ನು ಮಣ್ಣು ಮಾಡಿದ ಮರುದಿನ ಲಾಂಡ್ರಿ ಗೇಟಿನ ಮುಂದೆ ನಿಂತು ಮಾಲೀಕನನ್ನು ಕೊಲೆಗಾರ ಅಂತ ಕೂಗಿ ಬಸ್ಸು ಹತ್ತಿದೆ. ಕೂಗಿದವಳು ನೀನು. ಕೇಳಿಸಿಕೊಂಡವರ ನಡುವೆ ಬದುಕಿದವಳು ನಾನು. ಈ ಮಾತು ನಿನಗೆ ಯಾವ ಕರಪತ್ರದಲ್ಲೂ ಸಿಕ್ಕಿರಲಾರದು, ಅದಕ್ಕೇ ಹೇಳುತ್ತಿದ್ದೇನೆ.

ಬಾ. ಬಂದಾಗ ಭಾಷಣ ಮಾಡಬೇಡ. ಲೋಕದ ಮಾಲೀಕರು ಅಂತ ಶುರು ಮಾಡಬೇಡ. ಆ ಸಾಲನ್ನು ನಾನು ಬರೆದೆ, ಅದು ಹೀಗೆ ಅಳಿಸುತ್ತದೆ ಎಂದು ತೋರಿಸು, ಅವರು ಕೇಳಿದ್ದಕ್ಕೆ ಉತ್ತರ ಕೊಡು. ಅವರು ನಗುತ್ತಾರೆ. ಹೋದ ಸಲ ಒಬ್ಬಳೇ ಕೇಳಿಸಿಕೊಂಡೆ.

ಬೆಂದ ಹುಡುಗಿಯ ಅಕ್ಕನಿಗೂ ಬರಲು ಹೇಳಿದ್ದೇನೆ. ನಲ್ಲಿ ಹತ್ತಿರ ಬೆಳಿಗ್ಗೆಯೇ ಹೋಗಿ, ಎಲ್ಲರ ಎದುರಿಗೆ ಹೇಳಿದೆ. "ಬಂದು ನೀನೇ ಕೇಳು, ಆಮೇಲೆ ಬೈಯಿ" ಅಂದೆ. ಬರುತ್ತೇನೆ ಅನ್ನಲಿಲ್ಲ. ಕೊಡವನ್ನೂ ಪಕ್ಕಕ್ಕಿಡಲಿಲ್ಲ.

ಮನೆ ಖಾಲಿ ಮಾಡಿ ಅಂತ ನೋಟೀಸು ಬಂದಿದೆ. ಹೊಲಿಗೆ ಅಂಗಡಿಯ ಹಿಂದಿನ ಕೋಣೆ ಕೇಳಿದ್ದೇನೆ. ಅದರ ಗೋಡೆ ತಣ್ಣಗಿರುತ್ತದೆ.

ವಿಚಾರಣೆ ಮೇ 28, ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ. ನಾನು ಅತ್ತೆಯನ್ನೂ ಕರೆದುಕೊಂಡು ಬರುತ್ತೇನೆ. ಅವರಿಗೆ ಮೆಟ್ಟಿಲು ಹತ್ತಲು ಎರಡೂ ಕಡೆ ಹಿಡಿದುಕೊಳ್ಳುವವರು ಬೇಕು. ಹತ್ತು ಗಂಟೆಗೆ ಕಾರ್ಮಿಕ ಕಚೇರಿಯ ಬಾಗಿಲಲ್ಲಿ ಇರು.

ಅತ್ತಿಗೆ